ನರ್ಸಮ್ಮನ ಗೆರೆ

ಪಕ್ಕದ ಅಂಗಡಿಯ ಶಟರ್ ಮತ್ತೆ ಅರ್ಧಕ್ಕೆ ಸಿಕ್ಕಿಕೊಂಡಿತು, ಕರಕರ ಎನ್ನುತ್ತ ಮೇಲೂ ಹೋಗದೆ ಕೆಳಗೂ ಬಾರದೆ, ಯಾರಾದರೂ ಒಂದಿಷ್ಟು ಎಣ್ಣೆ ಬಿಡಬಾರದೇ, ಈ ಸದ್ದಿನಲ್ಲಿ ಹೆಡ್‌ಫೋನ್ ಹಾಕಿಕೊಂಡರೂ ಏನೂ ಕೇಳುವುದಿಲ್ಲ — ಕೇಳುವುದಕ್ಕೇನಿದೆ, ನೋಡುವುದಕ್ಕಿದೆ, ದನಿಯನ್ನು ಗೆರೆಯಾಗಿ ತೋರಿಸುವ ಪರದೆಯ ಮೇಲೆ ಆ ಉದ್ದ ಗೆರೆ, ಅಲುಗದ ಗೆರೆ, ಕೊನೆಯಲ್ಲೊಂದು ಸಣ್ಣ ಉಬ್ಬು. ನರ್ಸಮ್ಮನ ದನಿ, ಕತ್ತರಿಸುವ ಮೊದಲಿನದು. ಅಲ್ಲ, ದನಿ ಆ ಉಬ್ಬು ಮಾತ್ರ, ಗೆರೆಯೆಲ್ಲ ಆಕೆ ಬಾಯಿ ತೆರೆದು ಒದ್ದಾಡಿದ್ದು, ಅದನ್ನೇ ನಾನು ಕತ್ತರಿಸಿ ಎಸೆದೆ. ಎಲ್ಲರದ್ದನ್ನೂ ಕತ್ತರಿಸಿದ್ದೇನಲ್ಲ, ಆಕೆಯದೊಂದೇ ಏನಲ್ಲ, ಮದುವೆ ವಿಡಿಯೋ ಎಡಿಟ್ ಮಾಡುವವಳ ಕೈ ಇದು, ಖಾಲಿ ಕಂಡರೆ ಸುಮ್ಮನಿರುವುದಿಲ್ಲ. ಅಣ್ಣ ಉಗ್ಗುವವರ ಆ ಆನ್‌ಲೈನ್ ಗುಂಪಿಗೆ ಸೇರಿದಾಗ ಅವನ ಹಿಂದೆ ನಾನೂ ಹೋದೆ, ಅಲ್ಲೊಂದು ದನಿಯ ಸ್ಪರ್ಧೆ, ಓದಿಯೋ ಮಾತಾಡಿಯೋ ಕಳಿಸಬೇಕು, ಎಲ್ಲರ ರೆಕಾರ್ಡಿಂಗನ್ನೂ ಕ್ಲೀನ್ ಮಾಡಿ ಹಾಕ್ತೀನಿ ಅಂತ ಮೇಲೆ ಬಿದ್ದು ಒಪ್ಪಿಕೊಂಡೆ. ಗುಂಪು ಕಟ್ಟಿದ ಮೇಷ್ಟ್ರು ಹಿಗ್ಗಿಹೋದರು, ಎ-ಎಲ್ಲರಿಗೂ ಒಂದೇ ಕತ್ತರಿ ಕಣಮ್ಮಾ, ಆಗ ಯಾರೂ ತ-ತಕರಾರು ಮಾಡಲ್ಲ ಅಂದರು. ಯಾರೂ ಮಾಡಲಿಲ್ಲ. ಕೇಳಿದವರು ನಕ್ಷತ್ರ ಒತ್ತಿದರು, ಯಾರಿಗೆ ಹೆಚ್ಚು ನಕ್ಷತ್ರವೋ ಅವರದೇ ಸ್ವಾಗತದ ದನಿ, ಇನ್ನು ಒಂದು ವರ್ಷ ಗುಂಪಿಗೆ ಹೊಸದಾಗಿ ಬಂದವರು, ಹೆದರಿ ಹೆದರಿ ಬಂದವರು ಮೊದಲು ಕೇಳುವುದು ಅದನ್ನೇ. ಅಣ್ಣ ಗೆದ್ದಿದ್ದಾನೆ.

ಸುಮ್ಮನೆ ಗೆದ್ದಿಲ್ಲ, ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಓದಿದ, ಬಸ್ಸಿನಲ್ಲಿ ತುಟಿ ಅಲ್ಲಾಡಿಸಿಕೊಂಡು ಓದಿದ, ಎದುರು ಕೂತವರು ಹುಚ್ಚನೆಂದುಕೊಂಡರೂ ಬಿಡಲಿಲ್ಲ. ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಂತು ದಿನವಿಡೀ ಅನ್ನಿಸಿಕೊಳ್ಳುವವನು ಅವನು, ಬೇಗ ಹೇಳಪ್ಪಾ, ಬಾಯಲ್ಲಿ ಏನಿಟ್ಕೊಂಡಿದ್ದೀಯ. ಚಿಕ್ಕಂದಿನಲ್ಲಿ ಅಮ್ಮ, ಪ್ರೀತಿಯಿಂದಲೇ, ಅವನು ನೀ ಎನ್ನುವಷ್ಟರಲ್ಲಿ ನೀರು ತಂದಿಡುತ್ತಿದ್ದಳು, ಅವನಿಗೆ ಬೇಕಾಗಿದ್ದದ್ದು ನೀಲಿ ಅಂಗಿ, ನೀರು ಕುಡಿದು ತೆಪ್ಪಗಾಗುತ್ತಿದ್ದ. ಇವತ್ತು ಬೆಳಿಗ್ಗೆ ನೀಲಿ ಅಂಗಿಗೇ ಇಸ್ತ್ರಿ ಹಾಕಿದ, ಕೇಳೋದು ದನಿ ತಾನೇ, ಅಂಗಿ ಯಾರು ನೋಡ್ತಾರೋ ಅಂದೆ, ಇ-ಇರಲಿ ಬಿಡೇ ಅಂದ. ಆದರೆ ಅವನ ದನಿಯಿಂದಲೂ ತಡವರಿಸಿದ್ದನ್ನೆಲ್ಲ ನಾನು ತೆಗೆದಿದ್ದೇನೆ. ಅದು ಬೆಣ್ಣೆಯಂತಾಗಿದೆ, ಅದಕ್ಕೇ ಅಷ್ಟು ನಕ್ಷತ್ರ, ಅಷ್ಟು ಸಲೀಸಾಗಿ ಓದಿದೆನೆಂದು ಅವನೂ ನಂಬಿಬಿಟ್ಟಿದ್ದಾನೆ. ಅದೇ ಗುಂಪಿನ ನರ್ಸಮ್ಮ ಹೇಳಿದ್ದು ತನ್ನ ಹೆಸರನ್ನು ಮಾತ್ರ. ಉಗ್ಗುವವರಿಗೆ ತಮ್ಮ ಹೆಸರೇ ಬೆಟ್ಟ, ಬೇರೆ ಮಾತಾದರೆ ಬದಲಿ ಹುಡುಕಿ ನುಣುಚಿಕೊಳ್ಳಬಹುದು, ಹೆಸರಿಗೆ ಬದಲಿ ಎಲ್ಲಿ, ರೋಗಿಗಳು ಕೇಳಿದರೆ ಎದೆಯ ಮೇಲಿನ ಬಿಲ್ಲೆ ತೋರಿಸುತ್ತಾಳಂತೆ. ಅಂಥವಳು ಬಾಯಿಬಿಟ್ಟು ಹೇಳಿದಳು. ನಾನು ಉಬ್ಬನ್ನಷ್ಟೇ ಉಳಿಸಿ ಹಾಕಿದೆ, ಇಷ್ಟೇನಾ, ಇದಕ್ಕೂ ನಕ್ಷತ್ರ ಬೇಕಾ ಅಂತ ಯಾರೋ ನಗುವ ಮುಖ ಹಾಕಿದರು. ಆಕೆ ಜಗಳಕ್ಕೆ ಬರಲಿಲ್ಲ, ನನಗೊಬ್ಬಳಿಗೇ ಬರೆದಳು, ಮೇಡಂ, ನಂದು ಪೂರ್ತಿ ಬರಲಿಲ್ಲ ಅನ್ಸುತ್ತೆ, ಪರವಾಗಿಲ್ಲ. ಪರವಾಗಿಲ್ಲವಂತೆ. ನಾಚಿಕೆಯಾಗುತ್ತಿದೆ, ಆಕೆಯ ಮೇಲೆ ಸಿಟ್ಟೂ ಬರುತ್ತಿದೆ, ನಾಲ್ಕು ಮಾತು ಬೈದಿದ್ದರೆ ಇಷ್ಟು ಸಂಕಟವಿರುತ್ತಿರಲಿಲ್ಲ.

ಗೆದ್ದವರ ಹೆಸರು ಮಧ್ಯಾಹ್ನದೊಳಗೆ ಹಾಕಿಬಿಡು ಅಂದಿದ್ದಾರೆ ಮೇಷ್ಟ್ರು. ಅಣ್ಣನ ಹೆಸರು ಹಾಕಿದರೆ ಮುಗಿಯಿತು, ಒಂದು ಸಲ ಒತ್ತಿದರೆ ಮುಗಿಯಿತು, ಹೆದರಿ ಬಂದವರು ಆ ಬೆಣ್ಣೆಯನ್ನು ಕೇಳಿ ಇನ್ನಷ್ಟು ಹೆದರಿ ಹೋಗಲಿ. ಕತ್ತರಿಸದೆ ಇದ್ದದ್ದನ್ನೇ ಹಾಕಿ, ಎಲ್ಲರೂ ಮತ್ತೆ ಕೇಳಿ ಎಂದರೆ ಅಣ್ಣನ ಕೈಗೆ ಬಂದದ್ದು ಹೋಗುತ್ತದೆ, ಮೊದಲ ಸಲ ಗೆದ್ದದ್ದು, ಆ ಅಂಗಿ ತೊಟ್ಟುಕೊಂಡು ಸಂಜೆ ಮನೆಗೆ ಬರುತ್ತಾನೆ, ಯಾವ ಮುಖ ಇಟ್ಟುಕೊಂಡು ಬಾಗಿಲು ತೆಗೆಯಲಿ — ಫೋನು. ಅಣ್ಣ. ಫೋನು ಮಾಡುವವನೇ ಅಲ್ಲ ಅವನು, ಯಾವಾಗಲೂ ಮೆಸೇಜು. ಹಾ-ಹಾಕಿದ್ಯೇನೇ? ಇಲ್ಲ ಅಣ್ಣಾ, ನಿನ್ನ ದನೀನ ನಾನು — ಬಾಯಿ ತೆರೆದೇ ಇದೆ, ನಾನು, ಅಣ್ಣಾ, ನಾನು ನಿನ್ನ — ಆ ಕಡೆ ಯಾರೋ ಬೇಗ ಬೇಗ ಅನ್ನುತ್ತ ಕೌಂಟರ್ ಬಡಿಯುತ್ತಿದ್ದಾರೆ, ಅವನು ಫೋನಿಡುವುದಿಲ್ಲ, ನನ್ನ ಮಾತನ್ನು ತಾನು ಮುಗಿಸುವುದೂ ಇಲ್ಲ, ನಿ-ನಿಧಾನಕ್ಕೆ ಹೇಳು, ಕೇಳ್ತಿದೀನಿ, ಅಂದು ಕಾಯುತ್ತಾನೆ, ಶಟರ್ ಯಾವಾಗ ನಿಂತಿತೋ, ಪರದೆಯ ಮೇಲೆ ಆ ಗೆರೆ, ಅಲುಗದ ಗೆರೆ, ಉದ್ದ, ಇನ್ನೂ ಉದ್ದ, ನನ್ನ ಉಬ್ಬು ಇನ್ನೂ ಬಂದಿಲ್ಲ