ಕೆಂಪು ಕಾಲಿನ ದೊರೆ

ಲಾರಿಸಾದ ಬಯಲಿನಲ್ಲಿ ದ್ರಾಕ್ಷಿ ಕೊಯ್ಲಾದರೆ ತೊಟ್ಟಿಗೆ ಮೊದಲು ಇಳಿದು ತುಳಿಯಬೇಕಾದವನು ಊರ ದೊರೆ. ದೊರೆ ಪೊಥೋಸನಿಗೆ ಆ ಕೆಲಸವೆಂದರೆ ಪಂಚಪ್ರಾಣ, ಯುದ್ಧವೆಂದರೆ ಮಾತ್ರ ಮೈಯೆಲ್ಲ ಜ್ವರ! ಆ ವರ್ಷ ಚಕ್ರವರ್ತಿ ಕುರಿಗಳಿಗೂ ಕಂದಾಯ ಹಾಕಿದ್ದರಿಂದ ಸೀಮೆಗೆ ಸೀಮೆಯೇ ಕುದಿಯುತ್ತಿತ್ತು. ಪೊಥೋಸ್ ಮಾತ್ರ ತುಟಿಪಿಟಕ್ಕೆನ್ನಲಿಲ್ಲ. ಅವನ ಒಬ್ಬನೇ ಮಗ ಮನುಯಿಲ್ ರಾಜಧಾನಿಯಲ್ಲಿ ಒತ್ತೆಯಾಳು. ಅಪ್ಪ ದಂಗೆಯೆದ್ದರೆ ಮಗನ ಕಣ್ಣು ಕೀಳುತ್ತಾರೆ.

ಮೊಣಕಾಲವರೆಗೆ ಕೆಂಪಾಗಿ ತೊಟ್ಟಿಯಿಂದ ಹೊರಬಂದವನನ್ನು ಕಂಡು ಕುರಿಗಾರರ ಮುಖಂಡ ಡ್ರಗೋತ ಕುಣಿದೇಬಿಟ್ಟ. ಕೆಂಪು ಜೋಡು ಮೆಟ್ಟುವ ಹಕ್ಕು ಆ ನಾಡಿನಲ್ಲಿ ಚಕ್ರವರ್ತಿಗೊಬ್ಬನಿಗೇ.

"ನೋಡ್ರಪ್ಪೋ, ದೇವ್ರೇ ನಮ್ ಧಣಿಗೆ ಕೆಂಪು ಜೋಡು ತೊಡಿಸ್ಬಿಟ್ಟ!"

"ಲೋ ಮುಟ್ಠಾಳ, ದ್ರಾಕ್ಷಿ ರಸ ಕಣೋ ಇದು!"

"ರಸಾನೋ ರಾಜ್ಯಾನೋ, ನಮ್ಗೊಬ್ಬ ನಾಯಕ ಬೇಕು ಧಣಿ."

ಬೇಡ ಬೇಡವೆಂದರೂ ಕೇಳದೆ, ಹೊಸ ಚಕ್ರವರ್ತಿಯನ್ನು ಎತ್ತುವ ಹಾಗೆಯೇ ಅವನನ್ನು ಗುರಾಣಿಯ ಮೇಲೆ ಕೂರಿಸಿ ಎತ್ತಿದರು.

"ಇಳಿಸ್ರೋ! ನನ್ ಮಗನ್ನ ಕುರುಡ ಮಾಡ್ತೀರೇನ್ರೋ!" ಎಂದು ಪೊಥೋಸ್ ಅರಚಿದ.

ಅಷ್ಟರಲ್ಲಿ ಕಂದಾಯದ ಅಧಿಕಾರಿಯ ಸವಾರರು ತೋಟಕ್ಕೆ ನುಗ್ಗಿದರು. ಗುರಾಣಿ ಧೊಪ್ಪೆಂದು ಬಿತ್ತು. ಹೆಂಡತಿ ಅನಸ್ತಾಸೋ ಗಂಡನ ಕಾಲ ಮೇಲೆ ಗೋಣಿ ಎಳೆದಳು. ಜನರ ತಲೆಗಳ ಮೇಲೆ ಎರಡು ಕೆಂಪು ಕಾಲು ಕಂಡಿದ್ದವೇ ಹೊರತು ಅಧಿಕಾರಿಗೆ ಮುಖ ಕಂಡಿರಲಿಲ್ಲ.

"ಯಾವನೋ ಅವನು ಚಕ್ರವರ್ತಿ?"

ಡ್ರಗೋತ ತೊಟ್ಟಿಗೆ ಧುಮುಕಿ ಎದ್ದುಬಂದ. "ನಾನೇ ಸ್ವಾಮಿ. ಕಾಲು ಕಾಣ್ಸಲ್ವಾ?"

"ಎಳ್ಕೊಂಡು ಬನ್ನಿ. ಸೇತುವೆ ಹತ್ರ ಇವನ ಕಣ್ಣು ಕೀಳೋಣ."

ಪೊಥೋಸ್ ಗೋಣಿಯ ಕೆಳಗೆ ಕಾಲು ಇನ್ನಷ್ಟು ಮುದುಡಿಕೊಂಡ. ಕೈಗೆ ಹಗ್ಗ ಬಿಗಿಸಿಕೊಂಡು ಹೋಗುತ್ತಿದ್ದ ಡ್ರಗೋತ ತಿರುಗಿ, "ಧಣಿ, ತುಳಿಯೋದು ನಿಲ್ಲಿಸ್ಬೇಡಿ, ಹಣ್ಣು ಕೆಟ್ಟೋಗುತ್ತೆ" ಎಂದು ನಕ್ಕ.

ಮಗನ ಕಣ್ಣು ಉಳಿದವಲ್ಲ ಎಂದು ಪೊಥೋಸನಿಗೆ ಹೋದ ಜೀವ ಬಂದಂತಾಯಿತು. ಮರುಗಳಿಗೆಯೇ ಆ ಸಂತೋಷಕ್ಕೆ ಹೇಸಿಗೆಯಾಯಿತು. ಥೂ, ಇದೂ ಒಂದು ದೊರೆತನವೇ! ಗೋಣಿ ಒದ್ದು ಎದ್ದು, "ಕುದುರೆ ತನ್ನಿ, ಕತ್ತಿ ತನ್ನಿ. ಸೇತುವೆಗೆ ಅಡ್ಡದಾರೀಲಿ ಹೋಗೋಣ" ಎಂದ. ಕೋಲು, ಕುಡುಗೋಲು ಸಿಕ್ಕಿದ್ದು ಹಿಡಿದು ಜನ ಹೊರಟರು.

ಅನಸ್ತಾಸೋ ಓಡಿಬಂದು ಕುದುರೆಯ ಲಗಾಮು ಹಿಡಿದಳು.

"ರೀ... ಮನುಯಿಲ್?"

"ಗೊತ್ತು ಕಣೇ" ಎಂದ ಪೊಥೋಸ್. ಅವನ ಕಣ್ಣಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು.

ಅವಳು ಅವನ ಮುಖವನ್ನೇ ನೋಡಿದಳು. ಸೇತುವೆಯ ದಾರಿಯತ್ತ ನೋಡಿದಳು. ಆಮೇಲೆ ಲಗಾಮು ಬಿಟ್ಟಳು.