ಕೆರೆದು ಒಯ್ದ ಗರಸು

ಹನಮಂತವ್ವ ಗದಗಿನ ಸಂತೆ ಮುಗಿಸಿಕೊಂಡು ಕಳಸಾಪುರದ ರಸ್ತೆಯಲ್ಲಿ ಇಳಿದಾಗ ಬಿಸಿಲು ಇನ್ನೂ ಬಾಗಿರಲಿಲ್ಲ. ರಸ್ತೆಯಿಂದ ಅವಳ ಹೊಲಮನೆಗೆ ಎರಡು ಕೂಗಳತೆಯ ದಾರಿ. ಅದಕ್ಕೆ ಕಾಲಿಟ್ಟವಳೇ ನಿಂತುಬಿಟ್ಟಳು. ಬೆಳಿಗ್ಗೆ ಕೆಂಪಗೆ, ಗಟ್ಟಿಯಾಗಿದ್ದ ದಾರಿಯ ಗರಸನ್ನು, ಆ ಪುಡಿಗಲ್ಲಿನ ಮಣ್ಣನ್ನು, ಯಾರೋ ಅರ್ಧಕ್ಕಿಂತ ಹೆಚ್ಚು ಕೆರೆದು ಒಯ್ದಿದ್ದರು. ಅಡಿಯ ಕರಿ ಎರೆಮಣ್ಣು ಚರ್ಮ ಸುಲಿದ ಗಾಯದಂತೆ ಕಾಣುತ್ತಿತ್ತು.

ಆ ದಾರಿ ಸುಮ್ಮನೆ ಆದದ್ದಲ್ಲ. ನಾಲ್ಕು ವರ್ಷದ ಹಿಂದೆ, ಇಂಥದೇ ಹಿಂಗಾರಿ ಮಳೆಯಲ್ಲಿ, ಸೊಸೆ ದೇವವ್ವನಿಗೆ ಹೆರಿಗೆನೋವು ಬಂದಿತ್ತು. ಚಕ್ಕಡಿ ಎರೆಯಲ್ಲಿ ಅಚ್ಚಿನವರೆಗೆ ಹೂತುಹೋಗಿ ಎತ್ತುಗಳು ಮಂಡಿಯೂರಿದವು. ದೇವವ್ವ ಅಲ್ಲೇ, ಚಕ್ಕಡಿಯಲ್ಲೇ ಹೆತ್ತಳು. ಕೂಸು ಅಳಲಿಲ್ಲ. ಆಮೇಲೆ ಹನಮಂತವ್ವ, ಅವಳ ಗಂಡ, ಮಗ ಹೇಮಪ್ಪ ಮೂವರೂ ಎರಡು ಬೇಸಿಗೆ ದುಡಿದರು. ಚಕ್ಕಡಿ ಹೊಡೆಯುವ ನಬಿಸಾಬ ಮಲ್ಲಸಮುದ್ರದ ದಿಬ್ಬದಿಂದ ಗರಸು ತಂದು ಹಾಕಿದ. ದಾರಿಯ ನಡುವನ್ನು ಎತ್ತರಿಸಿ, ಎರಡೂ ಬದಿಗೆ ನೀರು ಹರಿಯುವ ಕಾಲುವೆ ತೆಗೆಯುವುದನ್ನು ಕಲಿಸಿಕೊಟ್ಟವನೂ ಅವನೇ. ಗಂಡ ತೀರಿಕೊಂಡ ಮೇಲೂ ಹನಮಂತವ್ವ ಪ್ರತಿ ಮಳೆಗೆ ಮುಂಚೆ ಕಾಲುವೆಯ ಹೂಳು ತೆಗೆದು, ಮಳೆಯ ಮರುದಿನ ಕುಳಿ ಬಿದ್ದಲ್ಲಿ ಗರಸು ತುಂಬುತ್ತಿದ್ದಳು. ಈಗ ದೇವವ್ವನಿಗೆ ಮತ್ತೆ ಎಂಟು ತಿಂಗಳು ತುಂಬಿತ್ತು.

ಮನೆಯಲ್ಲಿ ಹೇಮಪ್ಪ ತಲೆ ತಗ್ಗಿಸಿ ಹೇಳಿದ. ನಾಳೆ ನವೆಂಬರ್ ಒಂದನೇ ತಾರೀಖು. ಕನ್ನಡ ನಾಡು ಒಂದಾಗುವ ಸಮಾರಂಭ ಶಾಲೆಯ ಬಯಲಿನಲ್ಲಿ. ಸಾಹೇಬರ ಮೋಟಾರು ಬರುವ ದಾರಿಗೆ ಗರಸು ಬೇಕೆಂದು ಗೌಡರ ಆಳುಗಳು ಬಂದಿದ್ದರು. ಬೇಡವೆಂದರೂ ಕೇಳಲಿಲ್ಲ, ಐದು ಚಕ್ಕಡಿ ಹೇರಿಕೊಂಡು ಹೋದರು.

“ಕೇಳಲಿಲ್ಲ ಅಂತ ಸುಮ್ಮನ ನಿಂತಿಯೇನು? ನಿನ್ನ ಹೇಣ್ತಿ ಹೊಟ್ಟಿ ನೋಡಿದರೂ ನಿನಗ ಬಾಯಿ ಬರಲಿಲ್ಲೇನು?” ಎಂದಳು ಹನಮಂತವ್ವ. ಸಂತೆಯ ಚೀಲವನ್ನು ಕಟ್ಟೆಯ ಮೇಲೆ ಇಟ್ಟು, ಬುಟ್ಟಿಯನ್ನೂ ಸಲಿಕೆಯನ್ನೂ ತೆಗೆದುಕೊಂಡು ಶಾಲೆಯ ಕಡೆ ನಡೆದಳು.

ಬಯಲಿನಲ್ಲಿ ಮಾವಿನ ತೋರಣ ಕಟ್ಟುತ್ತಿದ್ದರು. ಅಂದಪ್ಪಗೌಡ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಎದುರಿಗೇ ಅವಳ ಗರಸು, ನೀರು ಚಿಮುಕಿಸಿಕೊಂಡು, ಮೋಟಾರಿನ ಗಾಲಿಗಾಗಿ ಕಾಯುತ್ತಿತ್ತು. ಸಮಾರಂಭ ಮುಗಿದ ಮೇಲೆ ತಿರುಗಿ ಹಾಕಿಸುತ್ತೇನೆ ಎಂದ ಗೌಡ, ನಾಡಿನ ಹಬ್ಬದ ಹೊತ್ತಿಗೆ ಒಂದು ಬುಟ್ಟಿ ಮಣ್ಣಿಗಾಗಿ ಜಗಳ ತೆಗೆಯುವುದು ಶೋಭೆಯಲ್ಲ ಎಂದೂ ಸೇರಿಸಿದ.

ಹನಮಂತವ್ವನ ಗಂಡ ಏಕೀಕರಣದ ಮೆರವಣಿಗೆಗೆಂದು ಹುಬ್ಬಳ್ಳಿತನಕ ನಡೆದು ಹೋಗಿ, ಬೆನ್ನ ಮೇಲೆ ಲಾಠಿಯ ಬರೆ ಹೊತ್ತು ಬಂದವನು. ಈ ಗೌಡ ಆಗ ಮನೆಯ ಬಾಗಿಲು ಹಾಕಿಕೊಂಡು ಕೂತಿದ್ದ.

“ನಾಡು ಒಂದಾಗಲಿ ಗೌಡ್ರ, ಅದಕ್ಕ ನನ್ನ ಗಂಡ ಹೊಡತ ತಿಂದಾನ,” ಎಂದಳು. “ಆದರ ನಮ್ಮ ಮನಿಯಿಂದ ರಸ್ತಾಕ್ಕ ಹೋಗೋ ದಾರಿ ಕಿತ್ತು, ನೀವು ಯಾವ ಊರನ್ನ ಯಾವ ಊರಿಗೆ ಕೂಡಸ್ತೀರಿ? ನಾಳೆ ಮಳಿ ಬಂದರ ನನ್ನ ಸೊಸಿನ್ನ ಯಾರು ಹೊತ್ಕೊಂಡು ಹೋಗತಾರ? ಸಾಹೇಬ್ರೇನು?”

ತೋರಣ ಕಟ್ಟುವವರು ಕೈ ನಿಲ್ಲಿಸಿದರು. ಮರುಗಳಿಗೆ ಕಣ್ಣು ತಪ್ಪಿಸಿ ಮತ್ತೆ ಎಲೆ ಪೋಣಿಸತೊಡಗಿದರು. ಅದೇ ಅವಳಿಗೆ ಗೌಡನ ಮಾತಿಗಿಂತ ಹೆಚ್ಚು ಉರಿ ತಂದಿತು. ಅವಳು ಬಗ್ಗಿ, ಎಲ್ಲರೆದುರೇ ಗರಸನ್ನು ಬುಟ್ಟಿಗೆ ತುಂಬಿದಳು. ಆಳುಗಳು ಗೌಡನ ಮುಖ ನೋಡಿದರೇ ಹೊರತು ಹೆಣ್ಣುಮಗಳ ಕೈ ಹಿಡಿಯಲು ಯಾರಿಗೂ ಧೈರ್ಯ ಬರಲಿಲ್ಲ. ಹೊತ್ತು ಮುಳುಗುವತನಕ ಆರು ಬುಟ್ಟಿ ಹೊತ್ತಳು. ಆರು ಬುಟ್ಟಿಯಿಂದ ಆಗುವುದಾದರೂ ಏನು?

ಮರುದಿನ ಧ್ವಜ ಏರಿತು, ಸಾಹೇಬರ ಮೋಟಾರು ಅವಳ ಗರಸಿನ ಮೇಲೆ ಬಂದು ಹೋಯಿತು. ಮಧ್ಯಾಹ್ನಕ್ಕೆ ಮೋಡ ಕಟ್ಟಿ ಎರಡು ದಿನ ಬಿಡದೆ ಸುರಿಯಿತು. ಮೂರನೆಯ ದಿನ ಗೌಡನ ಎರಡು ಚಕ್ಕಡಿ ಗರಸು ಹೇರಿಕೊಂಡು ಬಂದವು. ಆಳುಗಳು ಅದನ್ನು ಕೆಸರಿನ ಮೇಲೇ ಸುರಿಯಲು ಹೊರಟಾಗ ಹನಮಂತವ್ವ ಎತ್ತುಗಳ ಮುಂದೆ ನಿಂತಳು.

“ಹಸಿ ಎರಿಮ್ಯಾಗ ಹಾಕಿದರ ನಾಕ ದಿನದಾಗ ನೆಲಾ ನುಂಗತೈತಿ. ಹಾಕೀವಿ ಅಂತ ಗೌಡ್ರಿಗೆ ಹೇಳಾಕ ಬಂದೀರೋ, ದಾರಿ ಮಾಡಾಕ ಬಂದೀರೋ?”

ಗರಸನ್ನು ಬದಿಗೆ ರಾಶಿ ಹಾಕಿಸಿದಳು. ಮೊದಲು ಮುಚ್ಚಿಹೋಗಿದ್ದ ಕಾಲುವೆ ಬಿಡಿಸಿ ನಿಂತ ನೀರು ಹರಿಸಿದಳು. ಮೇಲಿನ ರಾಡಿಯನ್ನು ಬಳಿದು ಹೊಲಕ್ಕೆ ಹಾಕಿಸಿದಳು. ಬಿಸಿಲಿಗೆ ನೆಲ ಬಿಗಿಯಾದ ಮೇಲೆ ನಬಿಸಾಬ ಕುಳಿಗಳಿಗೆ ಕಲ್ಲು ಜೋಡಿಸಿದ. ಅದರ ಮೇಲೆ ಗರಸು ತೆಳ್ಳಗೆ ಹರವಿ, ನೀರು ಚಿಮುಕಿಸಿ, ದಮ್ಮಸು ಬಡಿದು ಗಟ್ಟಿಮಾಡಿ, ಮತ್ತೊಂದು ಪದರ ಹಾಕಬೇಕು. ಹೇಮಪ್ಪ ಅಂಗೈ ಬಿರಿಯುವಂತೆ ಬಡಿದ. ಅವ್ವನಿಗೆ ಮುಖ ತೋರಿಸಲು ಅವನಿಗಿದ್ದ ದಾರಿ ಅದೊಂದೇ. ಗೌಡ ಒಂದು ದಿನ ಬಂದು ಬೇವಿನ ನೆರಳಲ್ಲಿ ನಿಂತು ನೋಡಿ ಹೋದ.

ರಸ್ತೆಯ ಹತ್ತಿರದ ತುಂಡು ಇನ್ನೂ ಬಾಕಿ ಇರುವಾಗಲೇ, ದಿನ ತುಂಬುವ ಮುಂಚೆ, ಒಂದು ಮುಂಜಾನೆ ದೇವವ್ವನಿಗೆ ನೋವು ಎದ್ದಿತು. ನಬಿಸಾಬ ಚಕ್ಕಡಿ ಹೂಡಿದ. ಹಿಂದಿನ ಸಂಜೆ ಜಿನುಗು ಮಳೆ ಬಂದಿದ್ದರೂ ಹೊಸ ಗರಸಿನ ಮೇಲೆ ಗಾಲಿ ಸರಾಗ ಉರುಳಿತು. ಬಾಕಿ ಉಳಿದ ತುಂಡಿನಲ್ಲಿ ಒಂದು ಗಾಲಿ ಕಚ್ಚಿಕೊಂಡಿತು. ದೇವವ್ವ ಚಕ್ಕಡಿಯ ಗೂಟ ಹಿಡಿದು ಕಣ್ಣು ಮುಚ್ಚಿದಳು. ಕೆಲಸಕ್ಕೆ ಆಗಷ್ಟೇ ಬಂದಿದ್ದ ಗೌಡನ ಆಳುಗಳೇ ಸಲಿಕೆ ಬಿಸಾಕಿ ಓಡಿ ಬಂದು, ಗಾಲಿಯಡಿ ಕಲ್ಲು ಕೊಟ್ಟು, ಹೆಗಲು ಹಚ್ಚಿ ಎತ್ತಿದರು. ಚಕ್ಕಡಿ ರಸ್ತೆ ಹತ್ತಿತು.

ಗದಗಿನ ದವಾಖಾನೆಯಲ್ಲಿ ಹೆಣ್ಣುಕೂಸು ಹುಟ್ಟಿತು. ಚಿಕ್ಕದಿತ್ತು, ಆದರೆ ಅಳುವ ದನಿ ವರಾಂಡಾಕ್ಕೆ ಕೇಳುತ್ತಿತ್ತು. ಹನಮಂತವ್ವ ಅಲ್ಲೇ ಕಂಬಕ್ಕೆ ಆತು ಕೂತು, ನಾಲ್ಕು ವರ್ಷದಿಂದ ತಡೆದಿದ್ದ ಅಳುವನ್ನು ಅತ್ತಳು.

ಹತ್ತು ದಿನದ ಮೇಲೆ ಬಾಣಂತಿಯನ್ನು ಕರೆದುಕೊಂಡು ಬರುವಾಗ ಅಂದಪ್ಪಗೌಡ ರಸ್ತೆಯಲ್ಲಿ ಎದುರಾದ. ಕೂಸನ್ನು ಇಣುಕಿ ನೋಡಿ, ತಾನು ಹಾಕಿಸಿದ ಗರಸು ಕೆಲಸಕ್ಕೆ ಬಂತಲ್ಲ ಎಂದು ನಕ್ಕ.

ಹನಮಂತವ್ವ ಚಕ್ಕಡಿ ನಿಲ್ಲಿಸಿದಳು.

“ಅದು ನೀವು ಹಾಕಿಸಿದ್ದಲ್ಲ ಗೌಡ್ರ. ನಮ್ಮಿಂದ ಒಯ್ದದ್ದನ್ನ ತಿರುಗಿ ತಂದೀರಿ. ಇನ್ನೂ ಮೂರು ಚಕ್ಕಡಿ ಬರಬೇಕು. ನಾಳೆ ಮುಂಜಾನೆ ಕಳಸ್ರಿ.”

ಗೌಡ ಅದೇ ನಗುಮುಖದಲ್ಲಿ ಚಕ್ಕಡಿಗೆ ದಾರಿ ಬಿಟ್ಟು ನಿಂತ. ಮರುದಿನ ಎರಡೇ ಚಕ್ಕಡಿ ಬಂದವು. ಹನಮಂತವ್ವ ಬುಟ್ಟಿ ಬದಿಗಿಟ್ಟು, ಸೆರಗು ಬಿಗಿದು, ಮೂರನೆಯದನ್ನು ಕೇಳಲು ಗೌಡನ ಮನೆಯ ಕಡೆ ಹೊರಟಳು. ಈ ಸಲ ಹೇಮಪ್ಪನೂ ಅವಳ ಜೊತೆ ಹೊರಟ.