ನಾಲ್ಕು ಖಾಲಿ ಚೌಕಗಳು

"ಇವಳಿಗೆ ಚೆನ್ನಾಗೇ ಕೇಳ್ಸತ್ತಂತೆ! ನೋಡಿ ಮೇಡಂ, ಸೀಲು ಒತ್ತಿ ಕಳ್ಸಿದಾರೆ!"

ಲಾರಿ ಚಾಲಕ ಪತ್ರವನ್ನು ಮೇಜಿನ ಮೇಲೆ ಕುಕ್ಕಿದ. ಹಿಂದಿನ ಬೆಂಚಿನಲ್ಲಿ ಅವನ ಹೆಂಡತಿ ಮೂರು ತಿಂಗಳ ಕೂಸನ್ನು ಮಡಿಲಲ್ಲಿ ಮಲಗಿಸಿಕೊಂಡು ಕೂತಿದ್ದಳು. ಹನ್ನೊಂದು ವರ್ಷ ಮಗ್ಗದ ಶೆಡ್ಡಿನ ಗದ್ದಲದಲ್ಲಿ ದುಡಿದು ಕಿವಿ ಕಳೆದುಕೊಂಡವಳು. ಗಂಡ ಲಾರಿ ಹತ್ತಿ ಹೋದಾಗ ಕೂಸು ಅತ್ತರೆ ಗೊತ್ತಾಗಲೆಂದು ಅದರ ಕಾಲಿಗೂ ತನ್ನ ಕೈಗೂ ನೂಲು ಕಟ್ಟಿಕೊಂಡು ಮಲಗುತ್ತಿದ್ದಳು.

ಕಿವಿ ಪರೀಕ್ಷೆಯ ಮೇಡಂ ಪತ್ರ ಓದಿದಳು. 'ಸರಾಸರಿ ಇಪ್ಪತ್ತೇಳು. ಶ್ರವಣಯಂತ್ರದ ಅಗತ್ಯವಿಲ್ಲ.' ಈ ಪರೀಕ್ಷೆಯಲ್ಲಿ ಅಂಕಿ ಚಿಕ್ಕದಾದಷ್ಟೂ ಕಿವಿ ಚುರುಕು. ಸೊನ್ನೆಯೆಂದರೆ ಪಿಸುಮಾತೂ ಕೇಳುವ ಕಿವಿ. ಅವಳು ತನ್ನ ಕಡತ ತೆಗೆದಳು. ಆರು ಸ್ವರಗಳಲ್ಲಿ ದಪ್ಪ ದನಿಯ ಎರಡು ಮಾತ್ರ ಕೇಳಿಸಿದ್ದವು, ಎಂಬತ್ತಕ್ಕೊಂದು, ಎಂಬತ್ತೆರಡಕ್ಕೊಂದು. ಉಳಿದ ನಾಲ್ಕು ಎಷ್ಟು ಜೋರು ಮಾಡಿದರೂ ಇಲ್ಲ. ಆ ಚೌಕಗಳನ್ನು ಖಾಲಿ ಬಿಟ್ಟಿದ್ದಳು. ಯಂತ್ರ ಮಂಜೂರು ಮಾಡುವ ಕಚೇರಿಯ ಕಂಪ್ಯೂಟರು ಖಾಲಿ ಕಂಡಲ್ಲೆಲ್ಲ ಸೊನ್ನೆ ತುಂಬಿ, ಆರರಿಂದ ಭಾಗಿಸಿತ್ತು.

"ಕೇಳಿಸಲೇ ಇಲ್ಲ ಅಂತ ಬಿಟ್ಟಿದ್ದನ್ನ ಸೊನ್ನೆ ಮಾಡ್ಬಿಟ್ಟಿದೆ, ಅಣ್ಣ. ಅದರ ಪ್ರಕಾರ ಇವ್ರಿಗೆ ಗೋಡೆಯಾಚೆ ಮಾತೂ ಕೇಳ್ಬೇಕು."

"ಹಂಗಾದ್ರೆ ನಾನಿನ್ನು ಮನಸ್ಸಲ್ಲೂ ಬೈಯೋ ಹಂಗಿಲ್ಲ. ದೊಡ್ಡದೊಂದು ನಂಬರ್ ಹಾಕಿ ಕಳ್ಸಿ ಮೇಡಂ. ಇನ್ನೂರು ಹಾಕಿ!"

"ಇಲ್ದಿರೋ ನಂಬರ್ ಹಾಕಿದ್ರೆ ಯಂತ್ರಾನ ಆ ಲೆಕ್ಕಕ್ಕೇ ಜೋರು ಮಾಡಿ ಕೊಡ್ತಾರೆ. ಇರೋ ಚೂರು ಕಿವೀನೂ ಹೋಗತ್ತೆ."

ಅವನು ತಣ್ಣಗಾದ. ಮೇಡಂ ಕಚೇರಿಗೆ ಫೋನು ಮಾಡಿದಳು.

"ಖಾಲಿ ಇದ್ರೆ ಸಿಸ್ಟಂ ತಗೊಳಲ್ಲ ಮೇಡಂ," ಎಂದಿತು ಆ ಕಡೆಯ ದನಿ.

"ಆ ಸಿಸ್ಟಂನ ಇಲ್ಲಿಗೆ ಕಳ್ಸಿ, ಅದರ ಕಿವೀನೂ ನೋಡ್ತೀನಿ. ಬರೀ ಕಾಗದದಲ್ಲಿ ಬರ್ದು ಕೊಟ್ರೆ ತಗೋತೀರೋ ಇಲ್ವೋ?"

ಕೈಲೇ ಲೆಕ್ಕ ಹಾಕಲು ಒಂದು ತಿಂಗಳಂತೆ. ಅವಳು 'ಕೇಳಿಸಲಿಲ್ಲ' ಎಂದು ನಾಲ್ಕು ಸಲ ಬರೆದು, ಪ್ರತಿಯೊಂದರ ಪಕ್ಕ ಸಹಿ ಹಾಕಿದಳು. ಆಮೇಲೆ ಬೀರು ತೆರೆದು, ಪರೀಕ್ಷೆಗೆಂದು ಇಟ್ಟುಕೊಂಡಿದ್ದ ಒಂದು ಜೊತೆ ಯಂತ್ರ ತೆಗೆದಳು.

"ಅಲ್ಲಿವರೆಗೂ ಇದು ನಿಮ್ಮ ಹತ್ರಾನೇ ಇರ್ಲಿ. ಒದ್ದೆ ಮಾಡ್ಬೇಡಿ, ಅಷ್ಟೆ."

ತಾಯಿಯ ಕಿವಿಗೆ ಸಿಕ್ಕಿಸಿ, ಗುಂಡಿಯನ್ನು ಒಂದೊಂದೇ ಮೆಟ್ಟಿಲು ಏರಿಸಿದಳು. ಚಾಲಕ ಹೆಂಡತಿಯ ಮುಖದ ಹತ್ತಿರ ಬಾಗಿ, ಎಂದಿನಂತೆ ಗಂಟಲು ಹರಿಯುವಂತೆ ಕೂಗಿದ: "ಕೇಳ್ಸತ್ತೇನೇ?"

ಅವಳು ಬೆಚ್ಚಿ ಹಿಂದೆ ಸರಿದಳು.

"ಮೆಲ್ಲಗ್ರೀ! ಮಗು ಏಳತ್ತೆ."

ಎರಡು ವರ್ಷ ಕೂಗಿ ಕೂಗಿ ಒರಟಾದ ಅವನ ಗಂಟಲಿಗೆ ಮೆಲ್ಲಗೆ ಮಾತಾಡುವುದು ಹೇಗೆಂದು ತೋಚಲಿಲ್ಲ. ಸದ್ದಾಗದಂತೆ ಬೆಂಚಿನ ತುದಿಯಲ್ಲಿ ಕೂತ. ಕೂಸು ನಿದ್ದೆಯಲ್ಲೇ ತುಟಿ ಚೀಪುತ್ತಿತ್ತು. ತಾಯಿ ಅದರ ಬಾಯಿಯ ಹತ್ತಿರ ತಲೆ ಬಾಗಿಸಿ, ಅದರ ದನಿಗಾಗಿ ಕಾಯುತ್ತ ಕೂತಳು.